ಮೋರಪಂಖಿ: ಅಂಗಳದಲ್ಲಿಯೂ ಕುಂಡದಲ್ಲಿಯೂ

ಅಲಂಕಾರಕ್ಕೆಂದು ಬೆಳೆಸುವ ಗಿಡಗಳಲ್ಲಿ ಎರಡು ವರ್ಗಗಳುಂಟು. ಒಂದು ವರ್ಗದವು ಹೂವಿನಿಂದ ಮೆರೆಯುವಂಥವು. ಅವುಗಳ ಸೊಗಸು ಋತುವಿನೊಡನೆ ಬಂದು ಋತುವಿನೊಡನೆಯೇ ಹೋಗುತ್ತದೆ. ಇನ್ನೊಂದು ವರ್ಗಕ್ಕೆ ಹೂವಿನ ಹಂಗಿಲ್ಲ; ಎಲೆಯೇ ಅವುಗಳ ಒಡವೆ. ಈ ಎರಡನೆಯ ವರ್ಗದಲ್ಲಿ ನಮ್ಮ ಜನಕ್ಕೆ ಬಹು ಪರಿಚಿತವಾದುದು ಮೋರಪಂಖಿ. ಗರಿಗಳಂಥ ಚಪ್ಪಟೆಯಾದ ಹಸುರು ಕವಲುಗಳು ಒಂದರ ಪಕ್ಕದಲ್ಲೊಂದು ನೆಟ್ಟಗೆ ನಿಂತಿರುವುದರಿಂದ ಅದಕ್ಕೆ ಆ ಹೆಸರು ಒಪ್ಪುತ್ತದೆ. ಇದರ ಒಂದು ಎಸಳನ್ನು ಪುಸ್ತಕದ ಹಾಳೆಗಳ ನಡುವೆ ಇಟ್ಟರೆ ವಿದ್ಯೆ ತಾನಾಗಿ ಬರುವುದೆಂಬ ನಂಬಿಕೆ ಶಾಲೆಯ ಮಕ್ಕಳಲ್ಲಿ ಉಂಟು. ಆ ನಂಬಿಕೆಯ ಫಲವನ್ನು ಪರೀಕ್ಷೆಯ ಕಾಗದಗಳನ್ನು ತಿದ್ದುವವರೇ ಹೇಳಬೇಕು!

ಈ ಗಿಡದ ವಿಷಯವನ್ನು ವಿವರಿಸುವಾಗ ಒಂದು ಊರನ್ನು ಕಣ್ಣ ಮುಂದೆ ಇಟ್ಟುಕೊಳ್ಳುವುದು ಲೇಸು. ಏಕೆಂದರೆ ಗಿಡ ಎಲ್ಲೆಡೆಯೂ ಒಂದೇ. ನೆಲ ಎಲ್ಲೆಡೆಯೂ ಒಂದೇ ಅಲ್ಲ. ಬೀಳಗಿ ತಾಲ್ಲೂಕಿನ ಬಾಡಗಂಡಿಯನ್ನು ತೆಗೆದುಕೊಳ್ಳೋಣ. ಕೃಷ್ಣೆ ಘಟಪ್ರಭೆಗಳ ನಡುವಣ ಸೀಮೆ ಅದು. ಆಚೆಗೆ ಜಮಖಂಡಿ, ಈಚೆಗೆ ಮುಧೋಳ. ೧೯೪೮ರ ವರೆಗೆ ಅವೆರಡೂ ಬೇರೆ ಬೇರೆ ಸಂಸ್ಥಾನಗಳಾಗಿದ್ದುವು, ಬೀಳಗಿಯ ಭಾಗ ಮುಂಬಯಿ ಪ್ರಾಂತದ ಬಿಜಾಪುರ ಜಿಲ್ಲೆಗೆ ಸೇರಿತ್ತು. ಒಡೆತನ ಬೇರೆಬೇರೆಯಾಗಿದ್ದರೂ ನೆಲದ ಗುಣ ಬಹುಮಟ್ಟಿಗೆ ಒಂದೇ: ಎರೆಮಣ್ಣು. ವರ್ಷದ ಮಳೆ ಸರಾಸರಿಯಲ್ಲಿ ೬೦ ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ಅದರಲ್ಲಿಯೂ ಹೆಚ್ಚಿನ ಪಾಲು ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ ಸುರಿದುಬಿಡುತ್ತದೆ. ಬೇಸಗೆಯಲ್ಲಿ ತಾಪ ೪೦ ಡಿಗ್ರಿ ಸೆಂಟಿಗ್ರೇಡನ್ನು ದಾಟುತ್ತದೆ. ನೀರಾವರಿ ಬಂದ ಕಡೆಗಳಲ್ಲಿ ಕಬ್ಬು. ಇಲ್ಲದ ಕಡೆಗಳಲ್ಲಿ ಬಿಳಿಜೋಳ.

ಇಂಥ ಸೀಮೆಯಲ್ಲಿ ಅಲಂಕಾರದ ಗಿಡದ ಮಾತು ಶ್ರೀಮಂತರ ವಿನೋದವೆಂದು ಯಾರಾದರೂ ಅಂದುಕೊಂಡಾರು. ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು. ಈಗ ಸ್ಥಿತಿ ಬೇರೆ. ಆಲಮಟ್ಟಿಯ ಜಲಾಶಯದ ಹಿನ್ನೀರಿನಲ್ಲಿ ಬಾಗಲಕೋಟೆಯ ಹಳೆಯ ಪೇಟೆಯ ಭಾಗಗಳೂ ಬೀಳಗಿ ಸೀಮೆಯ ಅನೇಕ ಹಳ್ಳಿಗಳೂ ಮುಳುಗಿದುವು. ಜನ ಹೊಸ ನಿವೇಶನಗಳಲ್ಲಿ ಹೊಸ ಮನೆಗಳನ್ನು ಕಟ್ಟಿಕೊಂಡರು. ಹಳೆಯ ಊರಿನಲ್ಲಿ ತಾತ ನೆಟ್ಟ ಬೇವು ಇತ್ತು, ಗುಡಿಯ ಮುಂದೆ ಅರಳಿಯಿತ್ತು. ಹೊಸ ನಿವೇಶನದಲ್ಲಿ ಇದ್ದುದು ಸುಣ್ಣ ಹಾಕಿ ಗುರುತು ಮಾಡಿದ ಬಯಲು. ಅಲ್ಲಿ ಮನೆ ಕಟ್ಟಿದವನಿಗೆ ಬಾಗಿಲ ಮುಂದೆ ಏನಾದರೂ ಹಸುರು ಬೇಕು, ಅದೂ ಬೇಗನೆ ಬೇಕು ಎನ್ನಿಸುವುದು ಸಹಜ. ಗಾಡಿಯಲ್ಲಿ ಗಿಡ ಮಾರುವವನು ಬಂದಾಗ ಆತನು ಕೊಳ್ಳುವುದು ಸಾಮಾನ್ಯವಾಗಿ ಮೋರಪಂಖಿಯ ಒಂದು ಜೋಡಿ. ಹೆಬ್ಬಾಗಿಲಿನ ಎಡಕ್ಕೊಂದು, ಬಲಕ್ಕೊಂದು. ಮೊದಲ ವರ್ಷ ಅವು ಚೆನ್ನಾಗಿಯೇ ಇರುತ್ತವೆ. ಎರಡನೆಯ ಮಳೆಗಾಲ ಕಳೆಯುವಷ್ಟರಲ್ಲಿ ಒಂದು ಕಂದುತ್ತದೆ. ಸ್ವಲ್ಪ ದಿನದಲ್ಲಿ ಇನ್ನೊಂದೂ ಅದರ ದಾರಿಯನ್ನೇ ಹಿಡಿಯುತ್ತದೆ. ‘ನೀರು ಸಾಲದೇ ಹೋಯಿತು’ ಎಂದು ಮನೆಯವರು ಹೇಳುತ್ತಾರೆ. ‘ದೃಷ್ಟಿ ತಗುಲಿತು’ ಎಂದು ನೆರೆಯವರು ಹೇಳುತ್ತಾರೆ. ಈ ಎರಡು ಕಾರಣಗಳೂ ಸಾಮಾನ್ಯವಾಗಿ ಸರಿಯಲ್ಲ. ಗಿಡ ಸಾಯುವುದು ಹೆಚ್ಚಾಗಿ ನೀರು ಸಾಲದೆ ಅಲ್ಲ, ನೀರು ಹೆಚ್ಚಾಗಿ. ಇದು ಹೇಗೆಂಬುದನ್ನು ತಿಳಿಯಬೇಕಾದರೆ ಗಿಡದ ಕುಲವನ್ನು ಸ್ವಲ್ಪ ವಿಚಾರಿಸಬೇಕು.

ಮೋರಪಂಖಿ ನಮ್ಮ ದೇಶದ ಗಿಡವಲ್ಲ. ಅದರ ತವರು ಚೀನ, ಕೊರಿಯ ಮತ್ತು ರಷ್ಯದ ಪೂರ್ವದಂಚು. ಲಿನೇಯಸ್ ಪಂಡಿತನು ೧೭೫೩ರಲ್ಲಿ ಇದಕ್ಕೆ ತೂಜಾ ಓರಿಯಂಟಾಲಿಸ್ ಎಂದು ಹೆಸರಿಟ್ಟನು. ತೋಟಗಾರರು ಇಂದಿಗೂ ‘ತೂಜಾ’ ಎಂದೇ ಕರೆಯುತ್ತಾರೆ. ಆದರೆ ಅಮೆರಿಕೆಯ ನಿಜವಾದ ತೂಜಾಗಳಿಗೂ ಇದಕ್ಕೂ ಭೇದವುಂಟು. ಅವುಗಳ ಬೀಜಕ್ಕೆ ರೆಕ್ಕೆಯಿದೆ, ಇದರ ಬೀಜಕ್ಕೆ ಇಲ್ಲ. ಇದರ ಕಾಯಿಯ ಒಂದೊಂದು ಹೊಪ್ಪಳೆಯ ಮೇಲೂ ಸಣ್ಣ ಕೊಂಬಿನಂಥ ಕೊಕ್ಕೆಯಿದೆ, ಅವುಗಳಿಗೆ ಅಂಥದಿಲ್ಲ. ಆದುದರಿಂದ ಇದನ್ನು ಬೇರೆಯೇ ಒಂದು ಕುಲವೆಂದು ಗಣಿಸಿ, ಪ್ಲಾಟಿಕ್ಲಾಡಸ್ ಓರಿಯಂಟಾಲಿಸ್ ಎಂಬ ಹೆಸರನ್ನು ೧೯೪೯ರಲ್ಲಿ ಸ್ಥಿರಪಡಿಸಿದರು. ‘ಚಪ್ಪಟೆಯ ಕೊಂಬೆಯದು’ ಎಂಬುದೇ ಆ ಗ್ರೀಕ್ ಮಾತಿನ ಅರ್ಥ. ಆ ಕುಲದಲ್ಲಿ ಇರುವುದು ಈ ಒಂದೇ ಜಾತಿ.

ನೋಡುವುದಕ್ಕೆ ಜರೀಗಿಡದಂತೆ ನಯವಾಗಿದ್ದರೂ ಇದು ಜರೀಗಿಡದ ನಂಟಲ್ಲ. ಪೈನ್, ದೇವದಾರು, ಸೈಪ್ರೆಸ್ ಮರಗಳ ಬಳಗಕ್ಕೆ ಸೇರಿದ್ದು. ಈ ಬಳಗದವು ನಿಜವಾದ ಹೂವನ್ನು ಬಿಡುವುದಿಲ್ಲ. ಇವುಗಳ ಬೀಜ ಹಣ್ಣಿನೊಳಗೆ ಅಡಗಿರುವುದಿಲ್ಲ. ತವರಿನಲ್ಲಿ ಇದು ಒಣಗಿದ ಬೆಟ್ಟದ ಇಳಿಜಾರುಗಳಲ್ಲಿ, ಸುಣ್ಣಕಲ್ಲಿನ ಸಂದುಗಳಲ್ಲಿ ಬೆಳೆಯುವ ಮರ. ಬಹು ನಿಧಾನವಾಗಿ ಬೆಳೆಯುತ್ತದೆ, ಬಹುಕಾಲ ಬಾಳುತ್ತದೆ. ಬೀಜಿಂಗಿನ ಹಳೆಯ ದೇವಾಲಯಗಳ ಅಂಗಳದಲ್ಲಿ ಶತಮಾನಗಳನ್ನು ಕಂಡ ಮರಗಳಿವೆ. ಆ ನಗರವು ೧೯೮೭ರಲ್ಲಿ ಇದನ್ನು ತನ್ನ ನಗರವೃಕ್ಷಗಳಲ್ಲಿ ಒಂದೆಂದು ಆರಿಸಿಕೊಂಡಿತು.

ಇಷ್ಟು ತಿಳಿದ ಮೇಲೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬಾಡಗಂಡಿಯ ಬಿಸಿಲಿಗೆ ಈ ಗಿಡ ಅಂಜಬೇಕಾಗಿಲ್ಲ. ಎರೆಮಣ್ಣಿನಲ್ಲಿ ಸಿಕ್ಕುವ ಸುಣ್ಣದ ಹರಳಿಗೂ ಅಂಜಬೇಕಾಗಿಲ್ಲ. ಬೇರೂರಿದ ಮೇಲೆ ಬರಗಾಲವನ್ನೂ ಅದು ತಕ್ಕಮಟ್ಟಿಗೆ ತಾಳಿಕೊಳ್ಳುತ್ತದೆ. ಇಳಿಜಾರಿನಲ್ಲಿ ಹುಟ್ಟಿದ ಗಿಡ ತಾಳಲಾರದೆ ಇರುವುದು ಬುಡದಲ್ಲಿ ನಿಂತ ನೀರನ್ನು.

ಎರೆಮಣ್ಣಿನ ದೊಡ್ಡ ಗುಣ ಯಾವುದೆಂದು ರೈತನನ್ನು ಕೇಳಿದರೆ, ನೀರನ್ನು ಹಿಡಿದಿಟ್ಟುಕೊಳ್ಳುವುದು ಎಂದಾನು. ಹಿಂಗಾರಿಯಲ್ಲಿ ಬಿತ್ತಿದ ಬಿಳಿಜೋಳ ಆಮೇಲೆ ಒಂದು ಹನಿ ಮಳೆಯಿಲ್ಲದಿದ್ದರೂ ನೆಲದ ಹಸಿಯಲ್ಲಿಯೇ ತೆನೆಗೆ ಬರುವುದು ಈ ಗುಣದಿಂದ. ಆದರೆ ಜೋಳಕ್ಕೆ ವರವಾದ ಗುಣವೇ ಮೋರಪಂಖಿಗೆ ಶಾಪವಾಗುತ್ತದೆ. ಬೇರು ಕೂಡ ಉಸಿರಾಡುತ್ತದೆ. ಮಣ್ಣಿನ ಕಣಗಳ ನಡುವಣ ಸಂದುಗಳಲ್ಲಿರುವ ಗಾಳಿಯೇ ಅದಕ್ಕೆ ಆಧಾರ. ಎರೆ ನೆನೆದಾಗ ಉಬ್ಬಿಕೊಂಡು ಆ ಸಂದುಗಳನ್ನು ಮುಚ್ಚುತ್ತದೆ. ಉಸಿರು ಕಟ್ಟಿದ ಬೇರಿಗೆ ಕೊಳೆರೋಗ ಹತ್ತುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದು. ಆದುದರಿಂದ ಬುಡ ಕೆಸರಾಗಿದ್ದರೂ ತುದಿ ಒಣಗತೊಡಗುತ್ತದೆ. ಮನೆಯವರು ಒಣಗಿದ ತುದಿಯನ್ನು ನೋಡಿ ಮರುಕದಿಂದ ಇನ್ನೊಂದು ಕೊಡ ನೀರು ಹುಯ್ಯುತ್ತಾರೆ. ಹೀಗೆ ಉಪಚಾರವೇ ರೋಗವನ್ನು ಹೆಚ್ಚಿಸುತ್ತದೆ. ಬೇಸಗೆಯಲ್ಲಿ ಅದೇ ಎರೆ ಕುಗ್ಗಿ ಬಿರಿದು ಎಳೆಯ ಬೇರುಗಳನ್ನು ಹರಿಯುತ್ತದೆ. ಅದು ಇನ್ನೊಂದು ಪೆಟ್ಟು.

ನೀರಾವರಿಯ ಸೀಮೆಯಲ್ಲಿ ಇದರ ಜೊತೆಗೆ ಮತ್ತೊಂದು ತೊಂದರೆ ಸೇರಿದೆ. ಸವಳು, ಜವಳು ಎಂಬ ಎರಡು ಮಾತುಗಳನ್ನು ಅಲ್ಲಿನ ರೈತರೆಲ್ಲರೂ ಬಲ್ಲರು. ಉಪ್ಪೇರಿದ ನೆಲ ಸವಳು. ನೀರು ಬಸಿಯದ ನೆಲ ಜವಳು. ಘಟಪ್ರಭೆಯ ಅಚ್ಚುಕಟ್ಟಿನ ಎರೆಭೂಮಿಯಲ್ಲಿ ಇವೆರಡೂ ಕಾಣಿಸಿಕೊಂಡಿವೆ. ಅಂಗಳದ ಮಣ್ಣು ಒಣಗಿದಾಗ ಮೇಲೆ ಬೂದಿ ಚೆಲ್ಲಿದಂತೆ ಬಿಳಿಯ ಪೊರೆ ಕಂಡರೆ, ಅಲ್ಲಿ ನೇರವಾಗಿ ನೆಲದಲ್ಲಿ ಮೋರಪಂಖಿಯನ್ನು ನೆಡದಿರುವುದೇ ಮೇಲು; ಅಂಥವರಿಗೆ ಕುಂಡವೇ ಗತಿ.

ಇನ್ನು ನೆಡುವ ಕ್ರಮ. ಮಿರಗದ ಮಳೆಗೆ ನೆಲ ತಂಪಾದ ಮೇಲೆ, ಹಿಂಗಾರಿಯ ದೊಡ್ಡ ಮಳೆ ಬರುವುದರೊಳಗೆ ನೆಟ್ಟರೆ ಬೇರೂರಲು ಕಾಲ ದೊರೆಯುತ್ತದೆ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳುವ ಜಾಗ ಬೇಕು. ನೆರಳಿನಲ್ಲಿ ಗರಿಗಳು ವಿರಳವಾಗಿ ಗಿಡ ಸೊರಗುತ್ತದೆ. ಎರಡು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಆಳದ ಗುಂಡಿಯನ್ನು ತೋಡಬೇಕು. ತಳದಲ್ಲಿ ನಾಲ್ಕು ಅಂಗುಲ ಇಟ್ಟಿಗೆಯ ಚೂರನ್ನೋ ಗರಸನ್ನೋ ಹಾಕುವುದು ವಾಡಿಕೆ. ಆದರೆ ಸುತ್ತಲೂ ಎರೆಯೇ ಇದ್ದರೆ ಆ ಗುಂಡಿಯೇ ಒಂದು ಬಾವಿಯಾಗಿ ಸುತ್ತಣ ನೀರೆಲ್ಲ ಅದರೊಳಗೆ ಇಳಿದು ನಿಲ್ಲುತ್ತದೆ. ಆದುದರಿಂದ ಗುಂಡಿಗಿಂತ ದಿಬ್ಬವೇ ಮುಖ್ಯ. ಕೆಂಪುಮಣ್ಣು ಅಥವಾ ಮಸಾರಿ ಎರಡು ಪಾಲು, ದಪ್ಪ ಮರಳು ಒಂದು ಪಾಲು, ಚೆನ್ನಾಗಿ ಕಳಿತ ಗೊಬ್ಬರ ಒಂದು ಪಾಲು ಬೆರಸಿ, ಗುಂಡಿಯನ್ನು ತುಂಬಿಸಿ, ನೆಲಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಏರಿಸಿ, ಆ ದಿಬ್ಬದ ನೆತ್ತಿಯಲ್ಲಿ ಗಿಡವನ್ನು ಕೂರಿಸಬೇಕು. ಮೂರು ಅಡಿಯಾದರೂ ಅಗಲವಿರಲಿ. ಇಲ್ಲದಿದ್ದರೆ ಮೊದಲ ಮಳೆಗೇ ಕೊಚ್ಚಿಹೋದೀತು. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ರಸವನ್ನು ಸೋಸಿದ ಮೇಲೆ ಉಳಿಯುವ ಪ್ರೆಸ್‌ಮಡ್ ಈ ಸೀಮೆಯಲ್ಲಿ ಸುಲಭವಾಗಿ ದೊರೆಯುವ ಗೊಬ್ಬರ. ಅದು ಪೂರ್ತಿ ಕಳಿತು, ಬಿಸಿ ಆರಿ, ಮಣ್ಣಿನ ವಾಸನೆ ಬಂದ ಮೇಲೆ ಮಾತ್ರ ಬಳಸಬೇಕು. ಹಸಿಯದು ಬೇರನ್ನು ಸುಡುತ್ತದೆ.

ಗಿಡವನ್ನು ಕೊಳ್ಳುವಾಗ ನೋಡಬೇಕಾದುದು ಮೇಲಿನ ಹಸುರನ್ನಲ್ಲ, ಕೆಳಗಿನ ಮಣ್ಣನ್ನು. ಆಂಧ್ರದ ಕಡಿಯಂ ಮೊದಲಾದ ಕಡೆಗಳ ದೊಡ್ಡ ನರ್ಸರಿಗಳಿಂದ ದೂರದೂರುಗಳಿಗೆ ಬರುವ ಗಿಡಗಳ ಬೇರಿಗೆ ಅನೇಕವೇಳೆ ಜಿಗುಟಾದ ಕೆಂಪುಮಣ್ಣಿನ ಉಂಡೆ ಕಟ್ಟಿರುತ್ತಾರೆ. ಪ್ರಯಾಣಕ್ಕೆ ಅದು ಒಳ್ಳೆಯದೇ. ಆದರೆ ಆ ಉಂಡೆಯನ್ನು ಹಾಗೆಯೇ ಹೂತರೆ ಅದು ಕಲ್ಲಿನಂತೆ ಗಟ್ಟಿಯಾಗಿ, ಹೊರಗೆ ಹಾಕಿದ ನೀರು ಒಳಕ್ಕೂ ಒಳಗಿನ ಬೇರು ಹೊರಕ್ಕೂ ಸಾಗದೆ ಹೋಗಬಹುದು. ನೆಡುವ ಮೊದಲು ಉಂಡೆಯನ್ನು ಸ್ವಲ್ಪ ಹೊತ್ತು ನೀರಿನಲ್ಲಿ ನೆನಸಿ, ಹೊರಗಿನ ಒಂದೆರಡು ಅಂಗುಲ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ಸಡಿಲಿಸಬೇಕು. ಪೂರ್ತಿ ಒಡೆಯಕೂಡದು. ಚೀಲದಲ್ಲಿ ಬಹುದಿನವಿದ್ದ ಗಿಡದ ಬೇರು ಒಳಗೇ ಸುತ್ತಿಕೊಂಡಿರುತ್ತದೆ. ಅಂಥ ಸುತ್ತನ್ನು ಬಿಡಿಸಬೇಕು. ಕಾಂಡ ನರ್ಸರಿಯಲ್ಲಿ ಎಷ್ಟು ಹೂತಿತ್ತೋ ಅಷ್ಟೇ ಹೂಳಬೇಕು. ಅದಕ್ಕಿಂತ ಆಳವಾದರೆ ಬುಡ ಕೊಳೆಯುತ್ತದೆ.

ನೀರಿನ ವಿಷಯಕ್ಕೆ ಬರೋಣ. ದಿನಕ್ಕೊಂದು ತಂಬಿಗೆ ನೀರು ಎಂಬುದು ಕೆಟ್ಟ ನಿಯಮ. ಅದರಿಂದ ಮೇಲಿನ ಮಣ್ಣು ಸದಾ ಹಸಿಯಾಗಿದ್ದು, ಬೇರು ಆಳಕ್ಕೆ ಇಳಿಯುವುದನ್ನು ಕಲಿಯುವುದೇ ಇಲ್ಲ. ಬೆರಳನ್ನು ಎರಡು ಅಂಗುಲ ಮಣ್ಣಿನೊಳಗೆ ಇಳಿಸಿ ನೋಡಬೇಕು; ತಂಪು ತಗುಲಿದರೆ ಅಂದು ನೀರು ಬೇಡ, ಒಣಗಿದ್ದರೆ ಬುಡದ ಸುತ್ತ ನಿಧಾನವಾಗಿ ಒಂದು ಬಕೀಟು. ಮೊದಲ ವರ್ಷದಲ್ಲಿ ಬೇಸಗೆಗೆ ಎರಡು ಮೂರು ದಿನಕ್ಕೊಮ್ಮೆ, ಚಳಿಗಾಲಕ್ಕೆ ವಾರಕ್ಕೊಮ್ಮೆ ಎಂಬುದು ಸ್ಥೂಲವಾದ ಲೆಕ್ಕ. ಮಳೆ ಹಿಡಿದಾಗ ಏನೂ ಬೇಡ. ಲೆಕ್ಕಕ್ಕಿಂತ ಬೆರಳಿನ ಸಾಕ್ಷಿಯೇ ಹೆಚ್ಚು ನಂಬಿಕೆಯದು. ಕೊಳವೆಬಾವಿಯ ನೀರು ಉಪ್ಪಾಗಿದ್ದರೆ ಮಳೆಯ ನೀರನ್ನು ಹಿಡಿದಿಟ್ಟು ಆಗಾಗ ಹಾಕುವುದು ಉತ್ತಮ. ಬುಡದ ಸುತ್ತ ಒಣ ಕಬ್ಬಿನ ರವದಿಯನ್ನು ಹೊದಿಸಿದರೆ ಬೇಸಗೆಯಲ್ಲಿ ನೆಲ ಬಿರಿಯುವುದಿಲ್ಲ; ಆದರೆ ಅದು ಕಾಂಡಕ್ಕೆ ತಾಗದಂತೆ ಒಂದು ಗೇಣು ದೂರವಿರಲಿ.

ಕುಂಡದಲ್ಲಿ ಬೆಳೆಸುವವರಿಗೆ ನೆಲದ ದೋಷ ತಪ್ಪಿತು. ಬದಲಾಗಿ ಜವಾಬ್ದಾರಿ ಹೆಚ್ಚಿತು. ಕುಂಡದ ಗಿಡಕ್ಕೆ ನಾವು ಕೊಟ್ಟುದಲ್ಲದೆ ಬೇರೆ ಆಸ್ತಿಯಿಲ್ಲ. ಬಾಯಿ ಒಂದು ಅಡಿಯಾದರೂ ಅಗಲವಿರುವ ಮಣ್ಣಿನ ಕುಂಡವನ್ನು ಆರಿಸಿ, ತಳದ ರಂಧ್ರವನ್ನು ಒಡೆದ ಹೆಂಚಿನ ಚೂರಿನಿಂದ ಸಡಿಲವಾಗಿ ಮುಚ್ಚಿ, ಮೇಲೆ ಹೇಳಿದ ಮಿಶ್ರಣವನ್ನೇ ತುಂಬಬೇಕು. ಅಂಗಳದ ಎರೆಯನ್ನು ಮಾತ್ರ ಕುಂಡಕ್ಕೆ ತುಂಬಕೂಡದು. ಕುಂಡದ ಕೆಳಗೆ ತಟ್ಟೆಯಿಟ್ಟು ನೀರು ನಿಲ್ಲಿಸುವುದೂ ಕೂಡದು; ಎರಡು ಇಟ್ಟಿಗೆಗಳ ಮೇಲೆ ಎತ್ತಿ ಇಟ್ಟರೆ ನೀರು ಬಸಿದುಹೋಗುತ್ತದೆ. ಮಣ್ಣಿನ ಕುಂಡದ ಮೈ ಉಸಿರಾಡುವುದರಿಂದ ಅದರಲ್ಲಿ ನೀರು ಬೇಗ ಆರುತ್ತದೆ. ಪ್ಲಾಸ್ಟಿಕ್ ಕುಂಡದಲ್ಲಿ ಹಾಗಲ್ಲ, ಆದುದರಿಂದ ಅಲ್ಲಿ ನೀರಿನ ಕೈ ಇನ್ನೂ ಬಿಗಿಯಾಗಿರಬೇಕು. ತಿಂಗಳಿಗೊಮ್ಮೆ ತಳದಿಂದ ಧಾರಾಳವಾಗಿ ಹರಿದುಹೋಗುವಷ್ಟು ಒಳ್ಳೆಯ ನೀರನ್ನು ಹಾಯಿಸಿದರೆ ಕೂಡಿದ ಉಪ್ಪು ತೊಳೆದುಹೋಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಮಳೆಗಾಲದ ಆರಂಭದಲ್ಲಿ ಒಂದು ಅಳತೆ ದೊಡ್ಡದಾದ ಕುಂಡಕ್ಕೆ ಬದಲಾಯಿಸಬೇಕು. ವರ್ಷಕ್ಕೊಮ್ಮೆ ಒಂದೆರಡು ಬೊಗಸೆ ಎರೆಹುಳುಗೊಬ್ಬರ ಸಾಕು. ಅವಸರದ ಗೊಬ್ಬರದಿಂದ ಮೆತ್ತನೆಯ ಚಿಗುರು ಬಂದು ಗಿಡದ ಆಕಾರ ಕೆಡುತ್ತದೆ. ಹೊನ್ನಿನ ಬಣ್ಣದ ತುದಿಗಳುಳ್ಳ, ಮೊಟ್ಟೆಯಾಕಾರದ ‘ಆರಿಯಾ ನಾನಾ’ ಎಂಬ ಕುಳ್ಳು ತಳಿ ಕುಂಡಕ್ಕೆ ಹೇಳಿ ಮಾಡಿಸಿದಂತಿದೆ.

ಈಗ ಕತ್ತರಿಯ ಮಾತು. ದಾಸವಾಳವನ್ನೋ ಮಲ್ಲಿಗೆಯನ್ನೋ ಮೋಟಾಗಿ ಕತ್ತರಿಸಿದರೂ ಅದು ಮತ್ತೆ ಚಿಗುರುತ್ತದೆ. ಮೋರಪಂಖಿ ಹಾಗಲ್ಲ. ಹಸುರು ಕಳೆದು ಬರಿದಾದ ಹಳೆಯ ಕೊಂಬೆಯಲ್ಲಿ ಹೊಸ ಮೊಗ್ಗು ಏಳುವುದು ಬಹಳ ಅಪರೂಪ. ಎಂದೂ ಹಸುರಾಗಿರುವ ಗಿಡಕ್ಕೆ ಕಳೆದುಕೊಂಡ ಹಸುರನ್ನು ಮತ್ತೆ ಪಡೆಯುವ ಶಕ್ತಿ ಕಡಮೆ ಎಂಬುದು ವಿಚಿತ್ರವಾದರೂ ನಿಜ. ಆದುದರಿಂದ ಹಸುರಿರುವ ತುದಿಗಳನ್ನು ಮಾತ್ರ, ವರ್ಷಕ್ಕೆ ಒಂದೆರಡು ಸಲ, ಹಗುರವಾಗಿ ಕತ್ತರಿಸಬೇಕು. ಬೇಸಗೆಯ ಉರಿಯಲ್ಲಿ ಕತ್ತರಿ ಬೇಡ. ಬೇಲಿಯಾಗಿ ಬೆಳೆಸುವುದಾದರೆ ಎರಡೂವರೆ ಅಡಿಗೊಂದು ಗಿಡ ನೆಟ್ಟು, ಕೆಳಗೆ ಅಗಲ ಮೇಲೆ ಕಿರಿದು ಇರುವಂತೆ ಕತ್ತರಿಸಬೇಕು. ಮೇಲ್ಭಾಗ ಅಗಲವಾದರೆ ಕೆಳಗಿನ ಗರಿಗಳು ಬಿಸಿಲಿಲ್ಲದೆ ಸತ್ತು, ಬೇಲಿಯ ಬುಡ ಶಾಶ್ವತವಾಗಿ ಬರಿದಾಗುತ್ತದೆ. ಕತ್ತರಿಸಿದ ಸೊಪ್ಪಿನಲ್ಲಿ ಘಾಟಾದ ತೈಲವಿದೆ. ಅದನ್ನು ದನಕರುಗಳಿಗೆ ಹಾಕಬಾರದು, ಮನೆಮದ್ದೆಂದು ಬಳಸಲೂಬಾರದು.

ರೋಗವನ್ನು ಗುರುತಿಸುವುದಕ್ಕೆ ಕಂದಿದ ಭಾಗ ಯಾವುದೆಂದು ನೋಡುವುದೇ ದಾರಿ. ಒಳಗಿನ ಹಳೆಯ ಗರಿಗಳಷ್ಟೇ ಕಂದಿ ಉದುರುತ್ತಿದ್ದು, ತುದಿಗಳು ಹಸುರಾಗಿದ್ದರೆ ಅದು ರೋಗವಲ್ಲ. ಹಳೆಯ ಎಲೆ ಹೋಗುವುದು ನಿತ್ಯಹಸುರಿನ ಗಿಡಕ್ಕೂ ತಪ್ಪಿದ್ದಲ್ಲ. ಗೋಡೆಯ ಕಡೆಗಿನ ಮಗ್ಗುಲು ಮಾತ್ರ ಸುಟ್ಟಂತಿದ್ದರೆ ಗೋಡೆಯ ಕಾವು ಕಾರಣ. ಗಿಡವೆಲ್ಲ ತಾಮ್ರದ ಬಣ್ಣಕ್ಕೆ ತಿರುಗಿ ಧೂಳು ಹಿಡಿದಂತೆ ಕಂಡರೆ, ಒಂದು ಬಿಳಿಯ ಕಾಗದವನ್ನು ಕೆಳಗೆ ಹಿಡಿದು ಕೊಂಬೆಯನ್ನು ತಟ್ಟಿ ನೋಡಬೇಕು. ಕಾಗದದ ಮೇಲೆ ಹರಿದಾಡುವ ಚುಕ್ಕೆಗಳು ಕಂಡರೆ ಅವು ನುಸಿ. ಒಣ ಹವೆಯಲ್ಲಿ ಅವುಗಳ ಹಾವಳಿ ಹೆಚ್ಚು. ವಾರಕ್ಕೊಮ್ಮೆ ಬೆಳಗಿನಲ್ಲಿ ಗರಿಗಳ ಮೇಲೆ ಜೋರಾಗಿ ನೀರು ಚಿಮುಕಿಸಿದರೆ ಆರಂಭದಲ್ಲಿಯೇ ತಡೆಯಬಹುದು. ಗಿಡವೆಲ್ಲ ಒಮ್ಮೆಗೇ ಹೊಳಪು ಕಳೆದು ಮಸುಕಾದರೆ ಬೇರನ್ನು ಶಂಕಿಸಬೇಕು. ಈ ಕೊನೆಯದೇ ಅತಿ ಕಠಿನ. ಏಕೆಂದರೆ ಈ ಗಿಡ ತನ್ನ ಸಂಕಟವನ್ನು ಬಹಳ ತಡವಾಗಿ ಹೇಳುತ್ತದೆ. ಬೇರು ಸತ್ತು ಕೆಲವು ವಾರಗಳಾದರೂ ಗರಿ ಹಸುರಾಗಿಯೇ ಇರಬಲ್ಲದು. ಕಂದು ಕಂಡಮೇಲೆ ಮಾಡುವ ಚಿಕಿತ್ಸೆಗಿಂತ ನೆಡುವ ದಿನದ ಎಚ್ಚರವೇ ಬೆಲೆಯುಳ್ಳದ್ದು.

ಗಿಡವನ್ನು ಹೆಚ್ಚಿಸಿಕೊಳ್ಳಬೇಕೆನ್ನುವವರು ನೀಲಿಮಿಶ್ರಿತ ಹಸುರಿನ ಕಾಯಿಗಳು ಕಂದಾಗಿ ಬಿರಿಯುವ ಹೊತ್ತಿಗೆ ಬೀಜವನ್ನು ಸಂಗ್ರಹಿಸಿ, ಮರಳು ಬೆರಸಿದ ಮಣ್ಣಿನಲ್ಲಿ ಅರ್ಧ ಅಂಗುಲ ಆಳಕ್ಕೆ ಬಿತ್ತಬಹುದು. ಮೊಳೆಯಲು ಮೂರು ನಾಲ್ಕು ವಾರ ಬೇಕು. ಎಳೆಯ ಸಸಿಯ ಎಲೆ ಸೂಜಿಯಂತಿರುವುದನ್ನು ಕಂಡು ಬೇರೆ ಗಿಡವೆಂದು ಕಿತ್ತೆಸೆಯಬಾರದು. ಗರಿ ಆಮೇಲೆ ಬರುತ್ತದೆ. ಹೊನ್ನಿನ ಬಣ್ಣದ ತಳಿ ಬೀಜದಿಂದ ಹಾಗೆಯೇ ಬರುವ ಭರವಸೆಯಿಲ್ಲ. ಅದಕ್ಕೆ ಗೇಣುದ್ದದ ಕಡ್ಡಿಯನ್ನು ತಾಯಿಕೊಂಬೆಯ ಸಣ್ಣ ಸೀಳಿನೊಡನೆ ಕಿತ್ತು ನೆರಳಿನಲ್ಲಿ ನೆಡಬೇಕು. ಬೇರು ಬಿಡಲು ಎರಡು ಮೂರು ತಿಂಗಳೂ ಹಿಡಿದೀತು. ಹೆಚ್ಚಿನ ಸಲಹೆಗೆ ಈಗ ಬೆಂಗಳೂರಿನ ಲಾಲ್‌ಬಾಗಿನವರೆಗೆ ಹೋಗಬೇಕಾಗಿಲ್ಲ. ೨೦೦೮ರಲ್ಲಿ ಬಾಗಲಕೋಟೆಯಲ್ಲಿಯೇ ತೋಟಗಾರಿಕೆಯ ವಿಶ್ವವಿದ್ಯಾಲಯ ಸ್ಥಾಪಿತವಾಗಿದೆ.

ಕೊನೆಗೆ ಇದರ ಮಿತಿಯನ್ನೂ ಹೇಳುವುದು ನ್ಯಾಯ. ಮೋರಪಂಖಿ ಹಣ್ಣು ಕೊಡುವುದಿಲ್ಲ, ಮಂಚ ಹಾಕಿ ಮಲಗುವಷ್ಟು ನೆರಳನ್ನೂ ಕೊಡುವುದಿಲ್ಲ. ಹೊಸ ನಿವೇಶನದಲ್ಲಿ ಒಂದೇ ಮರಕ್ಕೆ ಜಾಗವಿದ್ದರೆ ಅದು ಬೇವಿಗೆ ಸಲ್ಲತಕ್ಕದ್ದು. ಬೇವು ನೆರಳಾಗಿ ಬೆಳೆಯಲು ಹಲವು ವರ್ಷ ಬೇಕು; ಅಷ್ಟು ಕಾಲ ಬಾಗಿಲ ಮುಂದೆ ಕಣ್ಣಿಗೆ ತಂಪಾಗಿ ನಿಲ್ಲುವ ಕೆಲಸವನ್ನು ಈ ಗಿಡ ಚೆನ್ನಾಗಿ ಮಾಡಬಲ್ಲದು. ನೆಲದಲ್ಲಿಟ್ಟ ಗಿಡ ಕಾಲಕ್ರಮದಲ್ಲಿ ಹದಿನೈದು ಇಪ್ಪತ್ತು ಅಡಿ ಏರುವುದರಿಂದ ಗೋಡೆಯಿಂದ ಐದು ಅಡಿ ದೂರವಿಡಬೇಕು. ವಿದ್ಯುತ್ತಿನ ತಂತಿಯ ಕೆಳಗೆ ನೆಡಲೇಬಾರದು. ದಿಬ್ಬದ ಮೇಲೆ ನೆಟ್ಟು, ಬೆರಳಿನಿಂದ ಮಣ್ಣನ್ನು ಕೇಳಿ ನೀರು ಕೊಟ್ಟವನ ಮನೆಯಲ್ಲಿ ಅದು ಮೊಮ್ಮಕ್ಕಳ ಕಾಲಕ್ಕೂ ನಿಂತಿರುತ್ತದೆ. ಆ ಮಕ್ಕಳು ಪುಸ್ತಕದಲ್ಲಿಡಲು ಒಂದು ಎಸಳನ್ನು ಕಿತ್ತುಕೊಂಡರೆ ಗಿಡಕ್ಕೇನೂ ನಷ್ಟವಿಲ್ಲ. ಎಸಳು ಹಸುರಾದ ತುದಿಯದಾಗಿದ್ದರೆ ಸರಿ.